ಎಳ್ಳಮವಾಸ್ಯೆಯ ಊಟ ಸಾಕ್ಷಿಯಾದದ್ದು

ನಾವು ನಮ್ಮ ಹೊಲದಲ್ಲಿ ಕೂಡಿಸಿ ಉಣ್ಣಿಸಿದ ಜನರೇ ಮರುದಿನ ಬಂದು ನಮ್ಮ ದ್ರಾಕ್ಷಿ ಪಡವನ್ನು ಸೀಳಿದರು. ಸೀಳಿದ ಮೇಲೆ, ಆ ಊಟವನ್ನೇ ನಮ್ಮ ಒಪ್ಪಿಗೆಯೆಂದು ತೋರಿಸಿ ಪರಿಹಾರವಿಲ್ಲವೆಂದರು. ನಡೆದ ಅನ್ಯಾಯ ಇಷ್ಟೇ. ಉಳಿದದ್ದು ಅದು ಹೇಗೆ ನಡೆಯಿತೆಂಬ ವಿವರ, ಮತ್ತು ವಿವರಗಳನ್ನು ನಾನು ಮರೆಯುವವನಲ್ಲ. ವಿಜಯಪುರದ ಸಿದ್ಧೇಶ್ವರ ಗುಡಿಯ ಹತ್ತಿರ ಬಹುಕಾಲ ಬಟ್ಟೆ ಅಂಗಡಿ ನಡೆಸಿದವನು ನಾನು. ಯಾವ ಗಿರಾಕಿ ಯಾವ ಹಬ್ಬದ ಮುಂದೆ ಹತ್ತಾರು ಸೀರೆ ಬಿಚ್ಚಿಸಿ, ಒಂದನ್ನೂ ಕೊಳ್ಳದೆ, ಮೂಗು ಮುರಿದು ಎದ್ದುಹೋದನೆಂಬುದು ಇಂದಿಗೂ ನೆನಪಿದೆ. ಈಗ ಅಂಗಡಿಯನ್ನು ಮಗನಿಗೆ ಬಿಟ್ಟು ಜಲನಗರದ ಮನೆಯಲ್ಲಿದ್ದೇನೆ. ಮನೆಯವರು ನನ್ನ ಈ ಸ್ವಭಾವವನ್ನು ಒಂದು ಜಡ್ಡೆಂದೇ ಭಾವಿಸಿದ್ದಾರೆ. ಇರಲಿ.

ಹೊಲವಿರುವುದು ತಿಕೋಟಾದಿಂದ ಬಬಲೇಶ್ವರದ ಕಡೆಗೆ ಹೋಗುವ ದಾರಿಯಲ್ಲಿ. ನಮ್ಮ ತಂದೆಯವರು ಬಿಟ್ಟುಹೋದ ಆಸ್ತಿ. ಉತಾರೆಯಲ್ಲಿ, ಅಂದರೆ ಪಹಣಿಯಲ್ಲಿ, ನನ್ನ ಹೆಸರೂ ನನ್ನ ತಂಗಿಯ ಹೆಸರೂ ಕೂಡಿಯೇ ಇವೆ. ದುಡಿಯುವವಳು ಮಾತ್ರ ತಂಗಿ. ಅವಳನ್ನು ಬಬಲೇಶ್ವರಕ್ಕೆ ಕೊಟ್ಟಿದೆ. ಗಂಡನಿಗೆ ಅಲ್ಲಿ ಸಣ್ಣದೊಂದು ಕಿರಾಣಿ ಅಂಗಡಿ. ಆತ ಹೊಲದ ಗೊಡವೆಗೆ ಬರುವವನಲ್ಲ. ಹೊಲದ ಅರ್ಧ ಬಿಳಿಜೋಳ, ಇನ್ನರ್ಧ ದ್ರಾಕ್ಷಿ ಪಡ. ಪಡದ ಆ ತುದಿಯಲ್ಲಿ ದೊಡ್ಡ ವಿದ್ಯುತ್ ಮಾರ್ಗದ ಒಂದು ಟಾವರು ನಿಂತಿದೆ. ಅದರ ತಂತಿಗಳು ನಮ್ಮ ಬಳ್ಳಿಗಳ ನೆತ್ತಿಯ ಮೇಲೆ ಹಾಯ್ದು, ಪಕ್ಕದವರ ಹೊಲ ದಾಟಿ, ನಗರದ ಕಡೆಗೆ ಹೋಗುತ್ತವೆ.

ಎಳ್ಳಮವಾಸ್ಯೆಯ ದಿನ ನಮ್ಮ ಕಡೆ ಒಲೆ ಹೊತ್ತುವುದು ಮನೆಯಲ್ಲಿ, ಊಟವಾಗುವುದು ಹೊಲದಲ್ಲಿ. ಜೋಳದ ನಡುವೆ ಐದು ಕಲ್ಲಿಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜಿಸಿ, ಹೊಲದ ಸುತ್ತ ಚರಗ ಚೆಲ್ಲಿ ಭೂಮಿತಾಯಿಗೆ ಉಣ್ಣಿಸಿದ ಮೇಲೆಯೇ ನಮ್ಮ ಪಾಲಿನ ಗಂಗಾಳ. ಆ ದಿನ ಬದುವಿನ ಮೇಲೆ ಬಂದು ನಿಂತವನನ್ನು ಉಣ್ಣದೆ ಕಳಿಸುವಂತಿಲ್ಲ. ಯಾರು, ಯಾಕೆ ಬಂದಿರಿ ಎಂದು ಕೇಳುವುದೂ ಅವನು ಉಂಡು ಕೈತೊಳೆದ ನಂತರವೇ. ಈ ಪದ್ಧತಿಯನ್ನು ಯಾರೂ ನಮಗೆ ಕಲಿಸಿಕೊಟ್ಟದ್ದಲ್ಲ; ಕಂಡು ಬೆಳೆದದ್ದು.

ಅಂದು ನಾವು ಇನ್ನೇನು ಊಟಕ್ಕೆ ಕೂಡಬೇಕು ಎನ್ನುವಾಗ ರಸ್ತೆಯಲ್ಲಿ ಜೀಪೊಂದು ನಿಂತಿತು. ನಾಲ್ಕೈದು ಜನ ಇಳಿದು, ಬದುವಿನ ಗುಂಟ ನಡೆದು ಬಂದು, ಟಾವರಿನ ಬುಡದಲ್ಲಿ ಕತ್ತೆತ್ತಿ ನಿಂತರು. ಮಾರ್ಗದ ದುರಸ್ತಿ ಗುತ್ತಿಗೆ ಹಿಡಿದವರ ಜನ. ಮುಂದಾಳಾಗಿ ಒಬ್ಬ ಸೂಪರ್‌ವೈಸರ್.

ತಂಗಿ ಕೂತಲ್ಲಿಂದಲೇ ಕೂಗಿದಳು: "ಯಪ್ಪಗೋಳ್ರ್ಯಾ, ಮ್ಯಾಲ ನೋಡಕೋತ ನಿಂತ್ರ ಹೊಟ್ಟಿ ತುಂಬತೈತೇನು? ಬರ್ರಿ, ಉಣ್ಣಾಕ ಕುಂದರ್ರಿ."

"ಬ್ಯಾಡ ಬೇ, ಡ್ಯೂಟಿ ಮ್ಯಾಲ ಅದೇವಿ," ಎಂದ ಸೂಪರ್‌ವೈಸರ್.

"ಡ್ಯೂಟಿಗೇನ ಕಾಲದಾವ, ಓಡಿ ಹೋಗಾಕ? ಕಡಬು ಆರಾಕತ್ತಾವ."

ಅವರಲ್ಲಿ ನಡುವಯಸ್ಸು ದಾಟಿದ ಲೈನ್‌ಮನ್ ಒಬ್ಬ ತಲೆಯ ಮೇಲಿನ ಹೆಲ್ಮೆಟ್ ತೆಗೆದು, "ಎಳ್ಳಮಾಸಿ ದಿನಾ ಒಲ್ಲೆ ಅನಬಾರದ್ರಿ ಸರ," ಎಂದು ತಾನೇ ಮೊದಲು ಚಕ್ಕಳಮಕ್ಕಳ ಹಾಕಿ ಕುಳಿತ. ಉಳಿದವರೂ ಕುಳಿತರು. ಸಜ್ಜೆರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ತಂಗಿ ಬಡಿಸಿದಳು. ಮೊಸರು ನಾನೇ ಹಾಕಿದೆ.

"ಇಂಥಾ ಎಣ್ಣಿಗಾಯಿ ನಮ್ಮ ಮನ್ಯಾಗ ಆಗಂಗಿಲ್ಲ ಬೇ," ಎಂದ ಸೂಪರ್‌ವೈಸರ್.

"ನಿಮ್ಮ ಮನಿಯಾಕಿ ನಂಬರ್ ಕೊಡ್ರಿ, ಈಗ ಹೇಳ್ತೇನಿ," ಎಂದಳು ತಂಗಿ. ಎಲ್ಲರೂ ನಕ್ಕರು. ನಗುವಿನ ನಡುವೆಯೇ ಆತ ಮೊಬೈಲ್ ತೆಗೆದು, ನೆನಪಿಗಿರಲೆಂದು ಫೋಟೋ ಹಿಡಿದ. ನಾನು ಮೊಸರು ಹಾಕುತ್ತಲೇ ಟೋಪಿ ಸರಿಮಾಡಿಕೊಂಡೆ. ಉಂಡೆದ್ದು ಆತ ಪಾಂಡವರ ಕಲ್ಲಿನ ಬುಡದಲ್ಲೇ ಕೈತೊಳೆದು ಬಾಯಿ ಮುಕ್ಕಳಿಸಿದ. ಅದನ್ನು ಅಂದೇ ಗಮನಿಸಿದ್ದೆ. ಹಬ್ಬದ ದಿನವೆಂದು ನುಂಗಿಕೊಂಡೆ. ಕೈತೊಳೆದ ಮೇಲೆ, ಪದ್ಧತಿಯಂತೆ, ಏನು ಕೆಲಸವೆಂದು ಕೇಳಿದೆ. ತಂತಿ ಹಿಡಿದಿರುವ ಪಿಂಗಾಣಿ ಬಟ್ಟಲುಗಳು ಹಳೆಯವಾಗಿವೆ, ಬದಲಿಸಬೇಕು, ಸದ್ಯ ನೋಡಿಹೋಗಲು ಬಂದಿದ್ದೇವೆ ಎಂದ. ಕ್ರೇನಿನ ಮಾತು ಅವನೂ ಎತ್ತಲಿಲ್ಲ, ಅವನ ಜೊತೆಗಿದ್ದವರೂ ಎತ್ತಲಿಲ್ಲ. ದಾರಿ ಬೇಕೆಂದು ಕೇಳಲಿಲ್ಲ. ನಾವು ಕೊಡುತ್ತೇವೆಂದೂ ಅನ್ನಲಿಲ್ಲ. ನಾನು ಸಂಜೆಯ ಬಸ್ಸಿಗೆ ವಿಜಯಪುರಕ್ಕೆ ಮರಳಿದೆ.

ಮರುದಿನ ಮುಂಜಾನೆ ಚಹಾ ಕುಡಿಯುವಾಗ ತಂಗಿಯ ಫೋನು. "ಯಣ್ಣಾ, ನಿನ್ನಿ ಉಂಡು ಹೋದವರು ಬಂದಾರ. ಪಡದಾಗ ಹೊಕ್ಕಾರ. ನೀ ಲಗೂನ ಬಾ."

ತಿಕೋಟಾಕ್ಕೆ ಬಸ್ಸು ಹಿಡಿದು, ಅಲ್ಲಿಂದ ಟಂಟಂ ಹತ್ತಿ ಹೋಗುವಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು. ರಸ್ತೆಯಿಂದ ಟಾವರಿನ ತನಕ, ಗೆರೆ ಎಳೆದಂತೆ, ಪಡದ ಹೊಟ್ಟೆಯೊಳಗಿಂದ ಒಂದು ದಾರಿ ತೆರೆದಿತ್ತು. ಚಪ್ಪರದ ಕಬ್ಬಿಣದ ಕಂಬಗಳು ಮಂಡಿಯೂರಿದ್ದವು. ಬಳ್ಳಿ ಹೊತ್ತ ತಂತಿಗಳನ್ನು ಕತ್ತರಿಸಿ ಇಕ್ಕೆಲಕ್ಕೂ ಚೆಲ್ಲಿದ್ದರು. ಗೊನೆಗಳಿಗೆ ಆಗತಾನೆ ಸಿಹಿ ಇಳಿಯಲು ಹತ್ತಿತ್ತು. ಕ್ರೇನಿನ ಗಾಲಿಯ ಕೆಳಗೆ ಅವು ಕೆಸರಾಗಿದ್ದವು, ನೊಣ ಮುತ್ತಿದ್ದವು. ಡ್ರಿಪ್ ಪೈಪಿನಿಂದ ನೀರು ಸುಮ್ಮನೆ ಹರಿಯುತ್ತಿತ್ತು. ನಾನು ಅಲ್ಲಿ ನಿಂತು ಮೊದಲು ಮಾಡಿದ ಕೆಲಸವೆಂದರೆ ಬಗ್ಗಿ ಆ ನೀರನ್ನು ಕಟ್ಟಲು ಹೋದದ್ದು. ಬೇರೆ ಏನು ಮಾಡಬೇಕೆಂದು ಬುದ್ಧಿಗೆ ಹೊಳೆಯಲಿಲ್ಲ.

ಅದೇ ಸೂಪರ್‌ವೈಸರ್ ಟಾವರಿನ ಬುಡದಲ್ಲಿದ್ದ. "ಆಚಿ ಬದುವಿನ ಗುಂಟ ಗಾಡಿ ದಾರಿ ಐತಲ್ಲ, ನಿನ್ನಿ ನೀವು ಕಂಡೀರಿ," ಎಂದೆ.

"ಅದು ಸುತ್ತ ಆಗ್ತಿತ್ರಿ ಅಜ್ಜಾರ. ಲೈನ್ ಬಂದ್ ಇರೂದು ಸಂಜೀತನಕ ಅಷ್ಟ. ಪರಿಹಾರ ಬರತೈತಿ, ಆಫೀಸಿಗೆ ಅರ್ಜಿ ಕೊಡ್ರಿ."

ತಂಗಿ ತುಂಡಾದ ಒಂದು ಬಳ್ಳಿ ಹಿಡಿದು ನಿಂತಿದ್ದಳು. ಆ ಸಾಲುಗಳ ಒಂದೊಂದು ಕಡ್ಡಿಯನ್ನೂ ತಂತಿಗೆ ಸುತಳಿಯಿಂದ ಕಟ್ಟಿದವಳು ಅವಳು. ಅವಳಿಗೆ ಬೇಕಾದದ್ದು ಸ್ಪಷ್ಟವಿತ್ತು: ಬೇಸಿಗೆಯ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಬರುವುದರೊಳಗೆ ಕಂಬ ತಂತಿ ಮತ್ತೆ ಎಬ್ಬಿಸಬೇಕು. ಇಲ್ಲವಾದರೆ ಆಸರೆಯಿಲ್ಲದೆ ಇಕ್ಕೆಲದ ಸಾಲುಗಳೂ ವಾಲಿ ನೆಲ ಹಿಡಿಯುತ್ತವೆ. ಹೊಸ ಸಸಿ ನೆಟ್ಟು ಫಲ ಕಾಣುವುದಂತೂ ವರ್ಷಗಳ ಮಾತು. ಪರಿಹಾರವೆಂದರೆ ಅವಳಿಗೆ ಇಷ್ಟೇ ಅರ್ಥ. ಹೆಚ್ಚಿನದೇನನ್ನೂ ಅವಳು ಬಯಸಿರಲಿಲ್ಲ.

ಅರ್ಜಿ ಕೊಟ್ಟೆವು. ಕರೆ ಬಂದ ದಿನ ಅಣ್ಣತಂಗಿ ಇಬ್ಬರೂ ವಿಜಯಪುರದ ವಿದ್ಯುತ್ ಕಚೇರಿಗೆ ಹೋದೆವು. ಎದುರಿಗಿದ್ದ ಅಧಿಕಾರಿಗೆ ನನ್ನ ಮಗನ ವಯಸ್ಸು. ಎರಡು ಕುರ್ಚಿ ಖಾಲಿಯಿದ್ದವು, ಕೂಡಿರೆಂದು ಹೇಳಲಿಲ್ಲ. ಸೂಪರ್‌ವೈಸರೂ ಆ ನಡುವಯಸ್ಸು ದಾಟಿದ ಲೈನ್‌ಮನ್ನೂ ಬಾಗಿಲ ಬಳಿ ನಿಂತಿದ್ದರು. ಅಧಿಕಾರಿ ನಮ್ಮ ಅರ್ಜಿಯನ್ನು ಪಕ್ಕಕ್ಕೆ ಸರಿಸಿದ. ಮೊಬೈಲ್ ತೆಗೆದು ನನ್ನ ಮುಖದ ಮುಂದೆ ಹಿಡಿದ.

"ಇವರು ಯಾರ್ರಿ ಅಜ್ಜಾ?"

ಎಳ್ಳಮವಾಸ್ಯೆಯ ಫೋಟೋ. ಟೋಪಿ ನೆಟ್ಟಗಿತ್ತು. "ನಾನು," ಎಂದೆ.

"ಏನ ಮಾಡಾಕತ್ತೀರಿ?"

"ಮೊಸರು ಹಾಕಾಕತ್ತೇನಿ."

"ಮತ್ತ, ಕೇಳದ ಹೇಳದ ಜುಲುಮಿಲೆ ಹೊಲ ಹೊಕ್ಕಾರಂತ ಬರದೀರಿ. ಜುಲುಮಿ ಮಾಡಿದವರಿಗೆ ಯಾರರ ಮೊಸರು ಹಾಕತಾರೇನ್ರಿ?"

ಪಕ್ಕದ ಮೇಜಿನವರು ನಕ್ಕರು. ಯಾರು ಯಾರು ನಕ್ಕರೆಂಬುದು ನನಗೆ ಗೊತ್ತಿದೆ.

ತಂಗಿ ಮುಂದೆ ಬಂದಳು. "ಸಾಹೇಬ್ರ, ಅದು ಎಳ್ಳಮಾಸಿ ಊಟ. ಅವತ್ತ ನೀವು ಬಂದಿದ್ರ ನಿಮಗೂ ಹಾಕತಿದ್ದೆ."

"ನಾನೂ ಅದನ್ನ ಹೇಳಾಕತ್ತೇನಿ ಬೇ. ಪ್ರೀತೀಲೆ ಕರದೀರಿ, ಕುಂದರಿಸಿ ಉಣ್ಣಿಸೀರಿ. ಅವರು ತಮ್ಮ ಕೆಲಸಾ ಮಾಡಿ ಹೋಗ್ಯಾರ. ಮಾಲೀಕರು ತಾವಾಗಿ ಒಪ್ಪಿ ದಾರಿ ಬಿಟ್ಟಲ್ಲಿ ಪರಿಹಾರ ಬರಂಗಿಲ್ಲ."

"ಫೋಟೋ ಹಿಂದಿನ ದಿನದ್ದು," ಎಂದೆ. "ಅವತ್ತ ಕ್ರೇನ್ ಇರಲಿಲ್ಲ. ಬಳ್ಳಿಗೆ ಯಾರೂ ಕೈ ಹಚ್ಚಿರಲಿಲ್ಲ."

"ಹಿಂದಿನ ದಿನಾ ಒಪ್ಪಿದ್ರಿ, ಮರುದಿನಾ ಕೆಲಸಾ ಆತು. ಸರಿ ಐತಲ್ರಿ?"

ನಾನು ಬಾಗಿಲ ಕಡೆಗೆ ನೋಡಿದೆ. ಸೂಪರ್‌ವೈಸರ್ ಗೋಡೆಯ ಗಡಿಯಾರ ನೋಡುತ್ತಿದ್ದ. ಲೈನ್‌ಮನ್ ನೆಲ ನೋಡುತ್ತಿದ್ದ. ಅನ್ನ ಉಂಡ ಆ ಎರಡು ಬಾಯಿಗಳಲ್ಲಿ ಒಂದಾದರೂ ತೆರೆದೀತೆಂದು ನಾನು ಕಾದೆ. ತೆರೆಯಲಿಲ್ಲ. ಜೀವಮಾನವೆಲ್ಲ ವ್ಯಾಪಾರ ಮಾಡಿದವನು ನಾನು, ಮೋಸ ಕಂಡಿಲ್ಲವೆನ್ನಲಾರೆ. ಆದರೆ ಉಪಕಾರವನ್ನೇ ಮಡಿಚಿ ಅಪರಾಧವಾಗಿ ಕೈಗೆ ಕೊಡುವುದನ್ನು ಆ ದಿನದವರೆಗೆ ಕಂಡಿರಲಿಲ್ಲ. ಖಾಲಿ ಕುರ್ಚಿಯ ಬೆನ್ನು ಹಿಡಿದುಕೊಂಡೆ. ಕೂಡಲಿಲ್ಲ.

ಅದೇ ಟಾವರನ್ನು ನಿಲ್ಲಿಸಿದ ಕಾಲ ನನಗೆ ನೆನಪಿದೆ. ನಮ್ಮ ತಂದೆ ಇದ್ದರು. ಆಗ ಬಂದಿದ್ದ ಅಧಿಕಾರಿಯೂ ನಮ್ಮ ಬುತ್ತಿಯನ್ನೇ ಉಂಡಿದ್ದರು. ಉಂಡ ಮೇಲೆ, ಜೋಳ ಕೊಯ್ಯುವ ತನಕ ಕಾಯುತ್ತೇವೆ ಎಂದರು, ಕಾದರು. ಟಾವರಿನ ಕಾಲಿಗೆ ಹೋದ ನೆಲಕ್ಕೂ ಆಳುಗಳು ತುಳಿದ ಬೆಳೆಗೂ ಬರಬೇಕಾದ್ದನ್ನು ಮನೆಗೇ ತಲುಪಿಸಿದರು. ನೆರೆಯವರೊಬ್ಬರು, "ನಿಮ್ಮ ರೊಟ್ಟಿ ಋಣಾ ತೀರಿಸ್ಯಾರ ನೋಡ್ರಿ," ಎಂದು ಚೇಷ್ಟೆ ಮಾಡಿದಾಗ ತಂದೆಗೆ ಸಿಟ್ಟು ಬಂದಿತ್ತು. "ಉಣ್ಣಿಸೂದು ಹೊಲದ ಪದ್ಧತಿ. ಕೊಡೂದು ಅವರ ಹೊರಿ. ಎರಡಕ್ಕ ಗಂಟ ಹಾಕಬ್ಯಾಡ್ರಿ," ಎಂದಿದ್ದರು. ಆ ಗಂಟನ್ನು ಈಗಿನ ಅಧಿಕಾರಿ ಹಾಕಿದ.

ಕಚೇರಿಯಿಂದ ಬಸ್ ನಿಲ್ದಾಣಕ್ಕೆ ಆಟೋದಲ್ಲಿ ಬಂದೆವು. ಬಬಲೇಶ್ವರದ ಬಸ್ಸು ಹತ್ತುವ ಮುಂಚೆ ತಂಗಿ ತಿರುಗಿ ನಿಂತಳು. "ಯಣ್ಣಾ, ನಾ ಅವತ್ತ ಕರದಿದ್ದಕ್ಕ ಹಿಂಗಾತೇನು?"

ಇಲ್ಲವೆಂದೆ. ಅವಳು ನಂಬಿದಂತೆ ಕಾಣಲಿಲ್ಲ. ಮುರಿದ ಕಂಬಗಳನ್ನು ನಾನು ಒಂದು ದಿನ ಮರೆತೇನು. ಅವಳ ಬಾಯಿಂದ ಈ ಪ್ರಶ್ನೆ ಹೊರಡುವಂತೆ ಮಾಡಿದ್ದನ್ನು ಮರೆಯಲಾರೆ.

ಮೇಲಿನವರಿಗೆ ಬರೆದೆ. ದೂರನ್ನು ವಿಲೇವಾರಿ ಮಾಡಲಾಗಿದೆ ಎಂದು ಉತ್ತರ ಬಂತು. ಹೇಗೆ ವಿಲೇವಾರಿಯಾಯಿತೆಂದು ಮತ್ತೆ ಬರೆದೆ, ಅದಕ್ಕೆ ಉತ್ತರವಿಲ್ಲ. ಚಾಟ್ನಿಯ ಹೊತ್ತಿಗೆ ನನ್ನ ಕೈಲಾದಷ್ಟು ತಂತಿ ತರಿಸಿಕೊಟ್ಟೆ. ಕೆಲವು ಸಾಲುಗಳಿಗೆ ತಂಗಿ ಬಿದಿರಿನ ಗಳ ಕೊಟ್ಟು ನಿಲ್ಲಿಸಿದಳು. ಉಳಿದವು ಅವಳು ಹೇಳಿದಂತೆಯೇ ವಾಲಿದವು. ಕ್ರೇನು ಹೋದ ಪಟ್ಟಿಯಲ್ಲಿ ಈಗಲೂ ಬರೀ ಕರಿಕೆ ಹುಲ್ಲು.

ಬೇಸಿಗೆಯ ಒಂದು ಮಧ್ಯಾಹ್ನ ನಾನು ಹೊಲದಲ್ಲಿದ್ದೆ. ಬೇವಿನ ನೆರಳಿನಲ್ಲಿ ತಂಗಿ ಬುಟ್ಟಿ ಬಿಚ್ಚಿ ರೊಟ್ಟಿ ತೆಗೆಯುತ್ತಿದ್ದಳು. ಆಚೆಯ ಗಾಡಿ ದಾರಿಯಿಂದ, ಬೆವರಿಳಿಸುತ್ತ, ಆ ಲೈನ್‌ಮನ್ ಒಬ್ಬನೇ ನಡೆದು ಬಂದ. ಟಾವರಿನ ಸುತ್ತ ಒಮ್ಮೆ ತಿರುಗಿ, ತಂತಿ ನೋಡಿ, ನಮ್ಮಿಂದ ತುಸು ದೂರದಲ್ಲಿ ನಿಂತ. ಉಂಡಿರಲಿಲ್ಲವೆಂಬುದು ಮುಖದಲ್ಲೇ ಕಾಣುತ್ತಿತ್ತು.

ತಂಗಿ ಅವನನ್ನು ನೋಡಿದಳು. ಬುಟ್ಟಿಯ ಮೇಲೆ ಅರಿವೆ ಎಳೆದಳು.

"ಫೋನ್ ತಂದೀರೇನು?" ಎಂದಳು.

"ಕಿಸೇದಾಗ ಐತ್ರಿ ಬೇ."

"ಅಲ್ಲೇ ಇರಲಿ. ಹೊರಗ ತಗೀಬ್ಯಾಡ್ರಿ."

ತಂಬಿಗೆಯಲ್ಲಿ ನೀರು ಕೊಟ್ಟಳು. ಅವನು ಎತ್ತಿ ಕುಡಿದ. "ಅವತ್ತ ಆಫೀಸಿನ್ಯಾಗ ನಾ ಮಾತಾಡಬೇಕಿತ್ತ ಬೇ," ಎಂದ. "ಗುತ್ತಿಗಿ ನೌಕರಿ."

"ನೀರು ಸಾಕಾತೇನು? ಇನ್ನಷ್ಟ ಹಾಕಲೇನು?" ಎಂದಳು ತಂಗಿ.

ಸಾಕೆಂದು ತಲೆಯಾಡಿಸಿ, ತಂಬಿಗೆಯನ್ನು ಬದುವಿನ ಮೇಲಿಟ್ಟು, ಬಂದ ದಾರಿಯಲ್ಲೇ ಹೋದ. ಅವನು ಮರೆಯಾಗುವ ತನಕ ಅವಳ ಒಂದು ಕೈ ಬುಟ್ಟಿಯ ಮೇಲಿನ ಅರಿವೆಯನ್ನು ಒತ್ತಿ ಹಿಡಿದಿತ್ತು. ನಮ್ಮ ಹೊಲಕ್ಕೆ ಹಸಿದು ಬಂದವನೊಬ್ಬ ಹಸಿದೇ ಮರಳಿದ್ದನ್ನು ನಾನು ಆಗಲೇ ಮೊದಲು ಕಂಡದ್ದು. ಕರೆಯೆಂದು ಅವಳಿಗೆ ಹೇಳಲು ನನ್ನ ನಾಲಿಗೆಯೂ ಏಳಲಿಲ್ಲ. ಆಮೇಲೆ ಅವಳೂ ಉಣ್ಣಲಿಲ್ಲ. ರೊಟ್ಟಿಯನ್ನು ಬೇವಿನ ಬುಡಕ್ಕೆ ಕಟ್ಟಿದ್ದ ಎತ್ತಿಗೆ ಹಾಕಿದಳು.

ಆ ಫೋಟೋವನ್ನು ನನ್ನ ಮುಖಕ್ಕೆ ಹಿಡಿದವರಿಗೂ, ದೂರನ್ನು ವಿಲೇವಾರಿ ಮಾಡಿದವರಿಗೂ ನಾನು ಕೇಳುವುದು ಒಂದೇ. ಎಳ್ಳಮವಾಸ್ಯೆ ಮತ್ತೆ ಬರುತ್ತದೆ. ನಿಮ್ಮ ಟಾವರು ನಮ್ಮ ಹೊಲದಲ್ಲೇ ಇದೆ. ನಿಮ್ಮ ಜನ ಅಂದು ಹಸಿದು ನಮ್ಮ ಬದುವಿನ ಮೇಲೆ ಬಂದು ನಿಂತರೆ, ನನ್ನ ತಂಗಿ ಅವರನ್ನು ಊಟಕ್ಕೆ ಕರೆಯಬೇಕೋ, ಬೇಡವೋ?