ಮಲಗಿದ್ದು ಏಳಬೇಕು
“ಬಣ್ಣ ನೋಡಿ ತಗಂಡೋಗ್ಬ್ಯಾಡ ಕಣಮ್ಮ. ಕಂಪ್ಯೂಟ್ರು ನಡ್ಸೋ ಈ ಲಿನಕ್ಸು ಪುಕ್ಕಟೆ, ಎಲ್ಲಾರ್ ಸೊತ್ತು, ಆದ್ರೆ ಎಲ್ಲಾ ಲ್ಯಾಪ್‌ಟಾಪಿಗೂ ಒಗ್ಗಲ್ಲ. ವೈಫೈ ಹಿಡೀತದಾ, ಸೌಂಡು ಬತ್ತದಾ ನೋಡು. ಆಮೇಲೆ ಮುಚ್ಚಳ ಮುಚ್ಚಿ ಮಲಗ್ಸು, ತೆಗೆದು ಎಬ್ಬಿಸು. ಕೆಲವು ಮಲಗಿದ್ರೆ ಏಳಾದೇ ಇಲ್ಲ. ಅಂಥದ್ದನ್ನ ನಾನು ಮಾರಲ್ಲ, ಬುಡು!” ಶಿರಾದಲ್ಲಿ ಹಳೆಯ ಲ್ಯಾಪ್‌ಟಾಪ್ ಮಾರುವ ಕದರಪ್ಪ ಗಿರಾಕಿಗಳಿಗೆ ಹೀಗೆ ಹೇಳುವುದನ್ನು, ಅಂಗಡಿಯ ಮೆಟ್ಟಿಲ ಮೇಲೆ ಹೂ ಕಟ್ಟುವ ಮುದುಕಿ ಓಬಕ್ಕ ದಿನವೂ ಕೇಳುತ್ತಾಳೆ. ಅವನು ಮಗುವಿಗೆ ಹೊದಿಸಿದಂತೆ ಮುಚ್ಚಳ ಮುಚ್ಚಿ “ಮಲಕ್ಕವ್ವ” ಎನ್ನುತ್ತಾನೆ, ತೆರೆದು “ಏಳವ್ವ” ಎನ್ನುತ್ತಾನೆ. ಊರಿಗೆ ಹೋಗುವ ಬರಗೂರಿನ ಬಸ್ಸು ತಪ್ಪಿಹೋಗುತ್ತದೆಂದರೂ, ಇದನ್ನು ನೋಡದೆ ಹೋಗಲು ಗಿರಾಕಿಯನ್ನು ಬಿಡುವುದಿಲ್ಲ. “ಅದಕ್ಕೊಂದು ಜೋಗುಳನೂ ಹಾಡ್ಬುಡು ಕಣ್ಲಾ” ಎಂದು ಓಬಕ್ಕ ಛೇಡಿಸುತ್ತಾಳೆ. ಆದರೆ ಸಂಜೆ ದೀಪ ಹಚ್ಚಿದ ಮೇಲೆ ಅವನು ಗಲ್ಲಾದ ಹಿಂದಿನಿಂದ ಒಂದು ಲ್ಯಾಪ್‌ಟಾಪ್ ಎತ್ತಿಕೊಂಡಾಗ ಅವಳು ನಗುವುದಿಲ್ಲ. ಅದು ತೀರಿಹೋದ ಹೆಂಡತಿ ಮಂಗಳಾಳದು. ರೆಕಾರ್ಡ್ ಮಾಡಿಟ್ಟ ಅವಳ ದನಿ ಉಳಿದಿರುವುದು ಅದರೊಳಗೆ ಮಾತ್ರ. ಲಿನಕ್ಸ್ ಹಾಕಿ ಅದನ್ನು ಮಲಗಿಸಿದವನು ಇವನೇ. ಅದು ಮತ್ತೆ ಏಳಲಿಲ್ಲ. ಬಿಚ್ಚಿ ನೋಡಲು ಅವನಿಗೆ ಮನಸ್ಸು ಬರುವುದಿಲ್ಲ. “ಏಳು ಮಂಗಳಾ” ಎನ್ನುತ್ತಾನೆ, ಪರದೆ ಕಪ್ಪಗೇ ಇರುತ್ತದೆ. ಇವತ್ತು ಮುಚ್ಚಳ ಮುಚ್ಚಿದ ಮೇಲೆ ಒಳಗಿನಿಂದ “ರೀ” ಎಂದು ಮಂಗಳಾಳ ದನಿ ಬಂತು. ಓಗೊಡಲು ಕದರಪ್ಪ ಬಾಯಿ ತೆರೆದ. “ಓಗೊಡಬ್ಯಾಡ ಕಣ್ಲಾ! ದೆವ್ವ ಆದ್ರೆ ಒಂದೇ ಸಲ ಕರೆಯಾದು, ಓಗೊಟ್ಟೋರ್ನ ಕರ್ಕಂಡೋಯ್ತದೆ. ಅವಳೇ ಆದ್ರೆ ಇನ್ನೊಂದ್ಸಲ ಕರೀತಾಳೆ, ತಡಿ” ಎಂದಳು ಓಬಕ್ಕ. ಅವನು ಮುಚ್ಚಳಕ್ಕೆ ಕಿವಿಯಿಟ್ಟು ಕೂತ. ಓಬಕ್ಕ ಉಳಿದ ಕಾಕಡ ಹೂವಿಗೆ ನೀರು ಚಿಮುಕಿಸಿ, ಬಳೆ ಸದ್ದಾಗದಂತೆ ಮೇಲಕ್ಕೇರಿಸಿಕೊಂಡು, ಮಾಲೆ ಕಟ್ಟತೊಡಗಿದಳು.