ನೀರಿಗಿಂತ ಮೊದಲು ಬಂದ ತೀರ್ಮಾನ

ನಮ್ಮ ಹೈಸ್ಕೂಲಿನ ವಿಜ್ಞಾನದ ಮಾಸ್ತರರು ದಿನಾ ವಾಡಿ ಪಟ್ಟಣದಿಂದ ಬಸ್ಸಿಗೆ ಬರುತ್ತಿದ್ದರು. ಹೆಗಲಿಗೆ ಬ್ಯಾಗು, ಕೈಯಲ್ಲಿ ಮನೆಯ ಫಿಲ್ಟರ್ ನೀರಿನ ದೊಡ್ಡ ಬಾಟಲಿ. ಪ್ರಯೋಗವಿದ್ದ ದಿನ ಬಾಟಲಿಯನ್ನು ಪರಸಿ ಹಾಸುಗಲ್ಲಿನ ಕಟ್ಟೆಯ ಮೇಲಿಟ್ಟು, ಸೀಮೆಸುಣ್ಣದ ಪುಡಿ ಊದಿ, "ಮೊದ್ಲ ತೀರ್ಮಾನ ಬರಕೋರಿ, ಪ್ರಯೋಗ ಆಮ್ಯಾಲ ನೋಡೂಣು" ಅನ್ನುತ್ತಿದ್ದರು.

ನೀರಿನ ಗುಣಮಟ್ಟದ ವರದಿ ಬರೆಯುವ ದಿನವೂ ಅಷ್ಟೇ. ನಾವು ನೀರು ತರುವ ಮೊದಲೇ ಬೋರ್ಡಿನ ಮೇಲೆ "ಈ ನೀರು ಮೃದು, ಕುಡಿಯಲು ಯೋಗ್ಯ" ಎಂದು ಬರೆದಾಗಿತ್ತು. ನನ್ನ ಗೆಳತಿ ತಮ್ಮ ಓಣಿಯ ಬೋರಿನ ನೀರನ್ನು ಕ್ಯಾನಿನಲ್ಲಿ ತಂದಿದ್ದಳು. ಶಾಲೆಯ ವರದಿ ನೋಡಿ ಆಮೇಲೆ ಶುದ್ಧ ನೀರಿನ ಘಟಕದ ಮಾತು ಎಂದು ಪಂಚಾಯಿತಿಯವರು ಅವರ ಓಣಿಯವರಿಗೆ ಹೇಳಿದ್ದರು. ಅವಳು ಪ್ರನಾಳದ ನೀರಿಗೆ ಸಾಬೂನು ಹಾಕಿ ಕೈ ಸೋಲುವಷ್ಟು ಅಲುಗಾಡಿಸಿದಳು. ನೊರೆ ಏಳಲಿಲ್ಲ, ಬಿಳಿ ಗಸಿ ಕೂತಿತು.

"ಸರ್, ನೊರೀನೇ ಬರವಲ್ದರಿ. ಭಾಳ ಗಡಸು ಐತಿ ಅಂತ ಬರೀಲೇನ್ರಿ?"

ಅವರು ಪ್ರನಾಳದ ಕಡೆ ನೋಡಲೂ ಇಲ್ಲ. "ಸಾಬೂನ ಬದ್ಲಿ ಮಾಡವ್ವ," ಅಂದರು.

ಸಾಬೂನು ಬದಲಿಸಬೇಕಂತೆ! ನೆನೆದರೆ ಇಂದಿಗೂ ಮೈ ಉರಿಯುತ್ತದೆ. ಅವಳು ಬದಲಿಸಿದಳು, ಮತ್ತೆ ಅಲುಗಾಡಿಸಿದಳು, ಮತ್ತೆ ಅದೇ ಗಸಿ. ಕೊನೆಗೆ ಕಣ್ಣೊರೆಸಿಕೊಂಡು ಬೋರ್ಡಿನ ಮೇಲಿದ್ದುದನ್ನೇ ಬರೆದುಕೊಂಡಳು. ಮಾಸ್ತರರು ಸಹಿ ಹಾಕಿದರು.

ಗಂಟೆ ಹೊಡೆಯಿತು. ಕ್ಯಾನಿನಲ್ಲಿ ಉಳಿದಿದ್ದ ನೀರಿನಲ್ಲೇ ಅವರು ಕೈ ತೊಳೆಯಲು ಹೋದರು. ಸಾಬೂನು ತಿಕ್ಕಿದರು, ಇನ್ನಷ್ಟು ತಿಕ್ಕಿದರು, ಕೈಯ ಜಿಗಟು ಹೋಗಲಿಲ್ಲ. ಆಮೇಲೆ ಅವಳ ಎದುರಿಗೇ ತಮ್ಮ ಬಾಟಲಿಯ ಮುಚ್ಚಳ ತೆಗೆದು, ಆ ನೀರಿನಲ್ಲಿ ಕೈ ತೊಳೆದುಕೊಂಡರು.