ಬೀಗತಿ ಹಾಕಿದ ನೀರು

ನನ್ನ ಮೊಮ್ಮಗನಿಗೆ ಜ್ಞಾನಸ್ನಾನ ಕೊಟ್ಟಾಕಿ ನಮ್ಮ ಬೀಗತಿ, ಸೊಸಿಯ ತಾಯಿ. ಆಕಿ ಕ್ರೈಸ್ತಳಲ್ಲ. ಹುನ್ನೂರಿನ ಕುರಿ ಸಾಕೋ ಮನಿಯಾಕಿ, ಹಣಿಗೆ ಬೀರಪ್ಪನ ಅರಿಶಿಣ ಭಂಡಾರ ಹಚ್ಚಿಕೊಳ್ಳದ ಹೊಸ್ತಿಲ ದಾಟೂದಿಲ್ಲ. ಇದನ್ನ ಕೇಳಿದವರು ಒಮ್ಮೆ ನನ್ನ ಮುಖ ನೋಡ್ತಾರ, ಒಮ್ಮೆ ಹುಡುಗನ ಮುಖ ನೋಡ್ತಾರ. ನೋಡ್ಲಿ. ಹುಡುಗ ಈಗ ಸಾಲಿಗೆ ಹೋಗ್ತಾನ, ಅಂಗಿ ಗುಂಡಿ ಕಿತ್ಕೊಂಡು ಮನಿಗೆ ಬರ್ತಾನ. ಗುಂಡಿ ಹಚ್ಚಿ ಹಚ್ಚಿ ನನ್ನ ಕಣ್ಣು ಸೋತಾವ, ಆದ್ರ ಸೂಜಿ ಹಿಡಿದಾಗೆಲ್ಲಾ ನಗು ತಡಿಯೂದಿಲ್ಲ. ನಾ ಕಲಿತದ್ದು ಎರಡನೇ ಇಯತ್ತೆ. ತಪ್ಪು ಬಿದ್ರೂ ಚಿಂತಿಲ್ಲ, ಬರಿತೀನಿ.

ನಾವು ಬನಹಟ್ಟಿಯ ಕ್ರೈಸ್ತ ನೇಕಾರರು. ಗಂಡ ತೀರಿಕೊಂಡ ಮ್ಯಾಲೆ ಮಗ್ಗ ನಾನಽ ನಡಿಸಿದೆ. ಮಗ ಹುನ್ನೂರಿನ ಹುಡುಗೀನ ಮೆಚ್ಚಿ ಮದುವಿ ಮಾಡ್ಕೊಂಡಾಗ ಎರಡೂ ಮನಿಯವರು ಮುಖ ತಿರುಗಿಸಿದ್ವಿ. ಸೊಸಿ ಬಸರಿ ಆದ ಮ್ಯಾಲೆ ಮಾತು ಹೆಂಗೋ ಸುರು ಆತು. ಚೊಚ್ಚಲ ಹೆರಿಗಿಗೆ ತವರಿಗೆ ಹೋದಾಕಿ ದಿನ ತುಂಬೂದಕ್ಕ ಮೊದಲಽ ಹಡದ್ಲು. ತಾಯಿ ಕೂಸು ಇಬ್ಬರನ್ನೂ ಜಮಖಂಡಿ ದವಾಖಾನಿಗೆ ತಂದ್ರು.

ನಾ ಹೋಗೂದ್ರಾಗ ಸೊಸಿ ಒಂದು ಖೋಲ್ಯಾಗ ಎಚ್ಚರಿಲ್ಲದ ಮಲಗಿದ್ಲು. ಇನ್ನೊಂದು ಖೋಲ್ಯಾಗ ದೊಡ್ಡ ಬಲ್ಬಿನ ಬುಡಕ ಬೀಗತಿ ಕೂಸಿನ ಕಂಬಳ್ಯಾಗ ಸುತ್ತಿ ಕುಂತಿದ್ಲು. ಡಾಕ್ಟರು ಹೊರಗ ಬಂದು, "ಉಸಿರು ಭಾಳ ಸಣ್ಣದೈತ್ರೀ. ಹೊತ್ತು ಮುಣುಗೂತನಕ ತಡದ್ರ ತಡೀತು" ಅಂದ್ರು. ಮಗ ಅಷ್ಟು ಕೇಳಿದವನಽ ಬಿಜಾಪುರದಾಗಿನ ಫಾದರನ್ನ ಕರಕೊಂಡು ಬರಾಕ ಬಸ್ಸು ಹತ್ತಿದ. ಹೋಗಿ ಬರಾಕ ಅರ್ಧಾ ದಿನ ಬೇಕು.

ಫಾದರ್ ಬರೂತನಕ ಕೂಸು ಇರೂದಿಲ್ಲ ಅಂತ ನನ್ನ ಜೀವಕ್ಕ ಅನಸಾಕತ್ತಿತ್ತು. ನನ್ನ ಮೊದಲನೇ ಹೆಣ್ಣುಕೂಸು ಹಂಗಽ ಹೋಗಿತ್ತು, ಜ್ಞಾನಸ್ನಾನ ಆಗದ. ಆಗಿನ ಹಿರಿಯರು ಅದನ್ನ ಸಿಮೆಟ್ರಿ ಒಳಗ ಇಡಾಕ ಒಪ್ಪಲಿಲ್ಲ, ಗ್ವಾಡಿ ಹೊರಗ ಜಾಲಿ ಬುಡಕ ಇಟ್ಟು ಬಂದ್ರು. ಜ್ಞಾನಸ್ನಾನ ಅಂದ್ರ ಮೈ ತೊಳಿಯೂದಲ್ಲ, ದೇವರ ಮಗ ಆಗಿ ದೇವರ ಮನಿಯೊಳಗ ಹೋಗೂದು ಅಂತ ನಮಗ ಕಲಿಸ್ಯಾರ. ಹಂಗಾದ್ರ ನನ್ನ ಕೂಸು ಒಳಗ ಹೋತೋ, ಬಾಗಲಾಗಽ ನಿಂತೈತೋ. ಎಷ್ಟು ಮಂದೀನ ಕೇಳಿದ್ರೂ ನನಗ ಬರೋಬರಿ ಉತ್ತರ ಸಿಕ್ಕಿರಲಿಲ್ಲ.

ಸಣ್ಣಾಕಿದ್ದಾಗ ಕನ್ಯಾಸ್ತ್ರೀಯರು ಒಂದು ಮಾತು ಕಲಿಸಿದ್ರು: ಜೀವ ಹೋಗೂ ಹೊತ್ತಿನ್ಯಾಗ ಗುರುಗಳು ಸಿಗದಿದ್ರ ಯಾರು ಬೇಕಾದವರು ಕೊಡಬಹುದು. ತಲಿ ಮ್ಯಾಲೆ ನೀರು ಹರೀಬೇಕು, ಮಾತು ಅನಬೇಕು, ಮನಸ್ಸಿನ್ಯಾಗ ಖರೇನ ಕೊಡಬೇಕಂತ ಇರಬೇಕು. ಅದು ನೆನಪಾತು. ಎದುರಿನ ಚಾದ ಅಂಗಡಿಯಿಂದ ಬಿಸಿನೀರು ಒಂದು ಗ್ಲಾಸು ಇಸಕೊಂಡು ಓಡಿ ಬಂದೆ. ಬಾಗಲಾಗ ನರ್ಸಬಾಯಿ ತಡದ್ಲು. ಮಗ್ಗದ ಅರಳಿ ಧೂಳು ಕುಡದು ನನಗ ಹಳೇ ಕೆಮ್ಮು.

"ಕೆಮ್ಮೋರು ಒಳಗ ಬರಬ್ಯಾಡ್ರಿ."

"ಒಂದ ಗುಟುಕು ನೀರು ಹಾಕಿ ಬಂದ್ಬಿಡ್ತೀನಿ ತಾಯಿ."

"ನಿಮ್ಮ ಕೆಮ್ಮು ಆ ಕೂಸಿಗೆ ತಾಗಿದ್ರ ನೀರು ಯಾರಿಗೆ ಹಾಕ್ತೀರಿ?" ಅಂದಾಕಿ, ಅಷ್ಟರಾಗ ಇನ್ನೊಂದು ಹೆರಿಗಿಗೆ ಕರದ್ರು ಅಂತ ಬಾಗಲಾ ಎಳಕೊಂಡು ಹೋದ್ಲು.

ಆಕಿ ಹೇಳಿದ್ದು ಖರೇನಽ ಇತ್ತು. ಹಿತ್ತಲ ಕಡೆ ಸುತ್ತಿ ಕಿಟಕಿ ಹಿಡಕೊಂಡು ನಿಂತೆ. ಬಾಯಿಗೆ ಸೆರಗು ಒತ್ತಿಕೊಂಡು ಕರದೆ, "ಅಕ್ಕಾರ, ಕೂಸಿನ ತಗೊಂಡು ಇಲ್ಲಿ ಬರ್ರಿ."

ಬೀಗತಿ ಎದ್ದು ಬಂದ್ಲು. ಕಂಬಳಿ ಸರಿಸಿದಾಗ ಕೂಸಿನ ತುಟಿ ನೀಲಿ ಆಗಿದ್ದು ಕಂಡು ಗ್ಲಾಸು ಕಿಟಕಿ ಸರಳಿನ್ಯಾಗಿಂದ ಒಳಗ ಚಾಚಿದೆ. ಏನು ಮಾಡಬೇಕಂತ ಹೇಳಿದೆ.

"ನಾ ಹಾಕಬೇಕಾ?" ಅಂದ್ಲು. "ನಿಮ್ಮ ದೇವರಿಗೆ ನಾ ಯಾರಂತ ಗೊತ್ತೈತೇನು?"

"ಗೊತ್ತೈತ್ರೀ."

"ನಮ್ಮ ಬೀರಪ್ಪ ಏನಂತಾನ?"

"ನಂಗೊತ್ತಿಲ್ಲ ಅಕ್ಕಾರ. ಕೂಸು ಹೊಂಟೈತಿ, ಅಷ್ಟಽ ಗೊತ್ತು."

ಆಕಿ ಕೂಸಿನ ಒಂದು ಕೈಯಾಗ ಒತ್ತಿ ಹಿಡದ್ಲು. "ನಿಮ್ಮ ಮನ್ಯಾಗ ನೀರು ಸೈತ ಮುಟ್ಟೂದಿಲ್ಲ ಅಂತ ಮದುವ್ಯಾಗ ಆಣಿ ಮಾಡಿದಾಕಿ ನಾ. ನನ್ನ ಕೈಲೆ ನೀರು ಹಾಕಸ್ತೀರಿ ನೋಡ್ರಿ" ಅಂತ ಗ್ಲಾಸು ಇಸಕೊಂಡು, ಮೊಣಕೈ ಹಚ್ಚಿ ನೋಡಿದ್ಲು. "ಸುಡತೈತಿ. ಆರ್ಲಿ."

"ಹೊತ್ತಿಲ್ಲ ಅಕ್ಕಾರ."

"ಬೊಬ್ಬಿ ಎಬ್ಬಿಸಿ ಕೊಟ್ರ ತಗೋತಾನೇನು ನಿಮ್ಮ ದೇವರು?" ಅಂತ ಊದಾಕತ್ತಿದ್ಲು. ಊದಿಕೋತ ಕೇಳಿದ್ಲು, "ಹೆಸರೇನು ಅನಬೇಕು?"

ನಾ ನಮ್ಮ ಮಾವನ ಹೆಸರು ಹೇಳಿದೆ.

"ನಮ್ಮಪ್ಪಂದು ಯಾಕ ಬ್ಯಾಡ? ಹಾಕಾಕಿ ನಾನು."

"ಆತ್ರೀ, ನಿಮ್ಮಪ್ಪಂದಽ ಅನ್ರಿ. ಯಾವುದರ ಅನ್ರಿ, ಲಗೂ ಅನ್ರಿ."

ನಾ ಕಿಟಕಿಯಿಂದ ಒಂದೊಂದಽ ಮಾತು ಹೇಳಿದೆ, ಆಕಿ ಅಂದ್ಲು. ಹೆಸರು ಹಿಡಿದು, "ನಾನು ನಿನಗೆ ಪಿತನ" ಅಂದು ಚೂರು ನೀರು, "ಸುತನ" ಅಂದು ಚೂರು, "ಪವಿತ್ರಾತ್ಮರ ನಾಮದಲ್ಲಿ ಜ್ಞಾನಸ್ನಾನ ಕೊಡುತ್ತೇನೆ" ಅಂದು ಮತ್ತ ಚೂರು. ನೀರು ನೆತ್ತಿ ಮ್ಯಾಲಿಂದ ಕಿವಿ ಕಡೆ ಇಳೀತು. ತಟಕ್ಕನ ಸೆರಗಿನಿಂದ ಒರಿಸಿ, ಕಂಬಳಿ ಮುಚ್ಚಿ ಮತ್ತ ಬಲ್ಬಿನ ಬುಡಕ ಹೋಗಿ ಕುಂತ್ಲು. ಕೂಸು ಅಳಲಿಲ್ಲ, ಕಣ್ಣು ಸೈತ ತೆರೀಲಿಲ್ಲ.

ನಾ ಅಲ್ಲೇ ಕಿಟಕಿ ಬುಡಕ ಕುಂತೆ. ಹೆದರಿಕಿ ಹೋಗಿರಲಿಲ್ಲ. ಆದ್ರ ಈ ಕೂಸಿನ ಗ್ವಾಡಿ ಹೊರಗ ಇಡೂದಿಲ್ಲ ಅನ್ನೂದೊಂದು ಇತ್ತು. ಅದನ್ನಽ ಹಿಡಕೊಂಡು ಕುಂತೆ.

ಸಂಜೀಕ ಮಗ ಫಾದರನ್ನ ಕರಕೊಂಡು ಬಂದ. ಕೂಸಿನ ಉಸಿರು ಇನ್ನೂ ಇತ್ತು, ಅಷ್ಟಽ ಸಣ್ಣದು. ನಡದದ್ದು ನಾ ಹೇಳಿದ ಮ್ಯಾಲೆ ಫಾದರ್ ತಗ್ಗಿದ ದನಿಲೆ ಬೀಗತೀನ ಕೇಳಿದ್ರು, ಯಾವ ನೀರು, ತಲಿ ಮ್ಯಾಲೆ ಹರೀತೇನು, ಏನಂದ್ರಿ. ಆಕಿ ಒಂದಕ್ಷರ ಬಿಡದ ಅಂದು ತೋರಿಸಿದ್ಲು.

"ಕೊಡುವಾಗ ನಿಮ್ಮ ಮನಸ್ಸಿನಲ್ಲಿ ಏನಿತ್ತಮ್ಮ?"

"ಕೂಸಿನ ನಿಮ್ಮ ದೇವರ ಉಡ್ಯಾಗ ಹಾಕಬೇಕು ಅಂದ್ರು ಇವರು. ಹಾಕಿದೆ. ಹಾಕಿದ ಮ್ಯಾಲೆ ಇಟ್ಕೋಬ್ಯಾಡ, ತಿರುಗಿ ಕೊಡು ಅಂದೆ."

ಫಾದರ್ ಕನ್ನಡಕ ತಗದು ಒರಿಸಿಕೊಂಡ್ರು. "ಇದು ಜ್ಞಾನಸ್ನಾನವೇ. ಇನ್ನೊಮ್ಮೆ ಕೊಡುವ ಹಾಗಿಲ್ಲ, ಜ್ಞಾನಸ್ನಾನ ಒಂದೇ ಸಲ" ಅಂದ್ರು.

ಆ ಹೊತ್ತು ಮುಣುಗಿತು, ಮರುದಿನ ಬೆಳಕೂ ಹರೀತು. ಮುಂದ ಎಷ್ಟೋ ದಿನ ಹತ್ತಿ ಅದ್ದಿ ಹಾಲು ಹಿಂಡಿ ಕುಡಿಸಿದ್ವಿ. ಒಂದಿನ ಬಾಯಿ ತಾನಽ ಮೊಲಿ ಹಿಡೀತು. ಸೊಸಿ ನಕ್ಕೋತ ಅತ್ಲು, ನಾನೂ.

ಕೂಸು ದುಂಡಗಾದ ಮ್ಯಾಲೆ ಉಳಿದ ಶಾಸ್ತ್ರಕ್ಕ ಚರ್ಚಿಗೆ ಒಯ್ದ್ವಿ. ಫಾದರ್ ಎಣ್ಣಿ ಹಚ್ಚಿದ್ರು, ಬಿಳಿ ಅರಿವಿ ಹೊಚ್ಚಿದ್ರು, ಮೇಣದ ಬತ್ತಿ ಹಚ್ಚಿಸಿದ್ರು. ನೀರು ಮುಟ್ಟಲಿಲ್ಲ. ಬಾಜೂಕ ಕುಂತ ಚರ್ಚಿನ ಹೆಣ್ಣುಮಗಳೊಬ್ಬಾಕಿ, "ಯವ್ವಾ, ನೀರಽ ಮರತ್ರೇನ?" ಅಂತ ನನ್ನ ತಿವಿದ್ಲು. "ಆಗೇತಿ" ಅಂದೆ. "ಯಾರು ಕೊಟ್ರು?" ಅಂದ್ಲು. ಕಡೀ ಬೆಂಚಿನ್ಯಾಗ ಹಣಿತುಂಬ ಭಂಡಾರ ಹಚ್ಚಿಕೊಂಡು ಕುಂತ ಬೀಗತೀನ ತೋರಿಸಿದೆ.

ಅಷ್ಟರಾಗ ಕೂಸು ಚೀರಾಕತ್ತಿತು. ಎಂಥ ದನಿ ಅಂತೀರಿ, ಫಾದರ್ ಓದೂದು ಯಾರಿಗೂ ಕೇಳಲಿಲ್ಲ. ಬೀಗತಿ ಹಿಂದಿಂದಽ ಎದ್ದು ನಿಂತು, "ಹಸದೈತಿ ಅದು. ನಿಮ್ಮದು ಮುಗೀತೇನ್ರಿ?" ಅಂದ್ಲು. ಮಂದಿ ನನ್ನ ಕಡೆ ನೋಡಿದ್ರು, ಕೂಸಿನ ಸುಮ್ಮನ ಮಾಡ್ಲಿ ಅಂತ. ನಾ ಮಾಡಲಿಲ್ಲ. ಚೀರ್ಲಿ ಬಿಡು ಅಂತ ಕೇಳಕೋತ ಕುಂತೆ.